ಕಾದು ಕೂರದ ಗಾರೆ

"ಹ್ವಾಯ್... ಆಚಿಗ್ ಹೋಯ್ನಿ! ಆಚಿಗ್ ಹೋಯ್ನಿ!"

ಮೇಲಿನಿಂದ ಯಾರೋ ಕೂಗಿದರು. ಸುಗಂಧಿ ತಲೆ ಎತ್ತುವಷ್ಟರಲ್ಲಿ ಜಲ್ಲಿ ತುಂಬಿದ ಕಬ್ಬಿಣದ ಡಬ್ಬಿಯೊಂದು ಸರ್ರನೆ ಇಳಿದು, ಅವಳ ಕಾಲ ಬುಡದಲ್ಲೇ ಧೊಪ್ಪೆಂದು ಬಿತ್ತು!

ಒಂದು ಕ್ಷಣ ಅವಳಿಗೆ ಉಸಿರೇ ಬರಲಿಲ್ಲ. ಬಂದಾಗ ಸಿಟ್ಟಿನ ಜೊತೆಗೇ ಬಂತು.

"ಕಣ್ ಎಲ್ಲಿಟ್ಕಂಡಿದ್ರಿ? ಒಂಚೂರ್ ಈಚಿಗ್ ಬಿದ್ದಿದ್ರೆ ನನ್ನ್ ತಲಿ ಎಂತ ಆತಿತ್ತ್?"

ಬಿದಿರಿನ ಅಟ್ಟಣೆಯಿಂದ ಒಬ್ಬ ಯುವಕ ಜಾರಿಕೊಂಡೇ ಇಳಿದು ಬಂದ. ಅವನ ಮುಖ ಅವಳದ್ದಕ್ಕಿಂತ ಹೆಚ್ಚು ಬಿಳಿಚಿತ್ತು.

"ತಪ್ಪ್ ನಂದೇ. ಗಂಟ್ ಹಾಕ್ದದ್ ನಾನೇ... ಪೆಟ್ಟಾಯ್ತಾ?"

ಹಗ್ಗ ಹಳತು, ಆಳು ಸರಿಯಿಲ್ಲ ಎಂದೆಲ್ಲ ಅವನು ಹೇಳಬಹುದಿತ್ತು. ಹೇಳಲಿಲ್ಲ. ಬೈಯಲು ಒಟ್ಟುಮಾಡಿಕೊಂಡಿದ್ದ ಮಾತೆಲ್ಲ ಸುಗಂಧಿಯ ಬಾಯಲ್ಲೇ ಉಳಿಯಿತು.

'ಇವ ಎಂಥ ಗಂಡಸಪ್ಪಾ... ಬೈಯುಕೂ ಜಾಗ ಕೊಡುದಿಲ್ಲ!'

ಅವನ ಹೆಸರು ದೇವು. ಬೊಂಬಾಯಿಯ ಬಂದರಿನಲ್ಲಿ ಕಾಂಕ್ರೀಟ್ ಕೆಲಸ ಕಲಿತು, ಎರಡನೇ ಮಹಾಯುದ್ಧ ಮುಗಿದ ಮೇಲೆ ಊರಿಗೆ ಮರಳಿದವನು. ಬರುವಾಗ ಚಿನ್ನ ತರಲಿಲ್ಲ, ಕೈಯಲ್ಲಿ ತಿರುಗಿಸುವ ಹಲ್ಲುಚಕ್ರದ ಯಂತ್ರವೊಂದನ್ನು ಹಡಗಿನಲ್ಲಿ ಹಾಕಿಸಿಕೊಂಡು ಬಂದಿದ್ದ. ಕೆಳಗೆ ಕಲಸಿದ ಕಾಂಕ್ರೀಟನ್ನು ಗೋಡೆಯ ಮೇಲಕ್ಕೆ ಏರಿಸಿ ಕೊಡುವುದೇ ಅವನ ಕಸುಬು. ಸುತ್ತಿನ ಯಾವ ಊರಿನಲ್ಲೂ ಅಂಥ ಕಸುಬು ಆಗ ಇರಲಿಲ್ಲ.

ಬಸ್ರೂರಿನ ಭೋಜರಾಜ ಹೆಗ್ಡೆಯವರು ತಮ್ಮ ಅಕ್ಕಿ ವ್ಯಾಪಾರದ ಕೋಣೆಗೆ ಸಿಮೆಂಟಿನ ತಾರಸಿ ಹಾಕಿಸುವ ಮನಸ್ಸು ಮಾಡಿದ್ದು, ಅವನಿಗೆ ಸಿಕ್ಕ ಮೊದಲ ಕೆಲಸ.

ಸುಗಂಧಿ ಕಡಲ ದಡದ ಕೋಡಿ ಊರಿನ ಗುರುವನ ಮಗಳು. ಗುರುವನದ್ದು ಚಿಪ್ಪು ಸುಟ್ಟು ಸುಣ್ಣ ಮಾಡುವ ಗೂಡು. ಸುಣ್ಣದ ಗಾರೆ ಕಲಸಿ ಬಡಿಯುವ ಹೆಂಗಸರ ಗುಂಪಿಗೆ ಸುಗಂಧಿಯೇ ಮುಂದಾಳು. ದೇವುವಿಗೆ ಕಲಸುವ ಕೈಗಳು ಬೇಕಿದ್ದವು, ಇವರಿಗೆ ಕೆಲಸ ಬೇಕಿತ್ತು.

"ಸಿಮೆಂಟ್ ಬಂದ್ರೆ ನಮ್ಮ್ ಗೂಡ್ ತಣ್ಗಾತ್ತ್ ಮಗಾ," ಎಂದ ಗುರುವ. ಆದರೂ ತಡೆಯಲಿಲ್ಲ.

ಮೊದಲು ಬಾಗಿಲ ಮೇಲಿನ ಚಿಕ್ಕ ಚಪ್ಪಡಿ ಆಯಿತು. ದೇವು ಪ್ರತಿ ಡಬ್ಬಿ ಏರುವ ಮುಂಚೆ ಹಗ್ಗವನ್ನು ಕೈಯಲ್ಲಿ ಸವರಿ ನೋಡುತ್ತಿದ್ದ. ಕೆಳಗೆ ಯಾರೂ ಇಲ್ಲವೆಂದು ಖಾತ್ರಿಯಾಗದೆ ಚಕ್ರ ಮುಟ್ಟುತ್ತಿರಲಿಲ್ಲ. ಹೆಂಗಸರು ಉಣ್ಣದೆ ತಾನು ಉಣ್ಣುತ್ತಿರಲಿಲ್ಲ.

ಸುಗಂಧಿ ನೋಡಿಯೂ ನೋಡದವಳಂತೆ ಇದೆಲ್ಲ ನೋಡಿದಳು.

"ಹೆಣ್ಣೆ, ಮರಳ್ ಕಲಸ್ತಿದ್ಯಾ, ಕನಸ್ ಕಲಸ್ತಿದ್ಯಾ?" ಎಂದು ಗುಂಪಿನ ಹಿರಿಯಳು ಅಮ್ಮಣಿ ಕುಟುಕಿದಳು.

"ಸುಮ್ನಿರೆ ಅಮ್ಮಣಕ್ಕ!" ಕೆನ್ನೆ ಮಾತ್ರ ಸುಮ್ಮನಿರಲಿಲ್ಲ...

ದೊಡ್ಡ ತಾರಸಿಯ ಹಿಂದಿನ ದಿನ ಚಕ್ರದ ಹಲ್ಲೊಂದು ಬಿರುಕು ಬಿಟ್ಟಿತು. ದೇವು ಚಕ್ರವನ್ನು ಬಿಚ್ಚಿ ಹೊತ್ತು, ಬೆಸುಗೆ ಹಾಕಿಸಲು ಕುಂದಾಪುರದ ಕಬ್ಬಿಣದ ಆಚಾರಿಯ ಹತ್ತಿರ ಹೊರಟ.

"ನಾಳೆ ಬೆಳಿಗ್ಗೆ ಬೇಗ ಶುರು ಮಾಡ್ಕ್. ಎಲ್ಲ ತಯಾರ್ ಮಾಡಿ ಇಡಿ," ಎಂದಷ್ಟೇ ಹೇಳಿ ಹೋದ.

ತಯಾರು ಎಂದರೆ ಏನು? ಸುಗಂಧಿಗೆ ಗೊತ್ತಿದ್ದದ್ದು ಒಂದೇ ದಾರಿ. ಸುಣ್ಣದ ಗಾರೆಯನ್ನು ಸಂಜೆಯೇ ಕಲಸಿ ನೆನೆಯಲು ಬಿಡಬೇಕು. ರಾತ್ರಿ ಕಳೆದರೆ ಬೆಳಿಗ್ಗೆ ಬೆಣ್ಣೆಯಂತೆ ಹದ ಬರುತ್ತದೆ. ಅಜ್ಜಿಯ ಕಾಲದಿಂದ ನಡೆದು ಬಂದ ಕ್ರಮ ಅದು. ಚಿಕ್ಕ ಚಪ್ಪಡಿಗೆ ಆಗಿಂದಾಗಲೇ ಕಲಸಿ ಹಾಕಿದ್ದು ಕೆಲಸ ಚಿಕ್ಕದಾದ್ದರಿಂದ ಎಂದೇ ಅವಳು ತಿಳಿದಿದ್ದಳು.

'ಅವ್ರ್ ಬಪ್ಪತ್ತಿಗೆ ಎಲ್ಲ ಹದ ಆಯಿರ್ಕ್. ಎಷ್ಟ್ ಖುಷಿ ಆತ್ತೋ...'

ಹೆಂಗಸರೆಲ್ಲ ಸೇರಿ ಹೊತ್ತು ಮುಳುಗುವುದರೊಳಗೆ ಚೀಲ ಚೀಲ ಸಿಮೆಂಟನ್ನೂ ಹಾಗೆಯೇ ನೀರು ಹಾಕಿ ಕಲಸಿ, ಮೇಲೆ ಒದ್ದೆ ಗೋಣಿ ಹೊದಿಸಿದರು.

ಬೆಳಿಗ್ಗೆ ದೇವು ಗೋಣಿ ಎತ್ತಿದ. ಹಾರೆ ತಂದು ಒಂದು ಪೆಟ್ಟು ಹಾಕಿದ.

ಠಣ್!

ಇಡೀ ರಾಶಿ ಕಲ್ಲಾಗಿತ್ತು.

ಆ ಕಾಲದಲ್ಲಿ ಸಿಮೆಂಟು ಸರಕಾರದ ಪರ್ಮಿಟ್ ಇಲ್ಲದೆ ಸಿಗುತ್ತಿರಲಿಲ್ಲ. ಮತ್ತೆ ಯಾವಾಗ ಸಿಗುವುದೋ ಹೇಳುವವರಿರಲಿಲ್ಲ. ಹೆಗ್ಡೆಯವರು ಹಣೆ ಹಿಡಿದು ಜಗಲಿಯಲ್ಲಿ ಕೂತುಬಿಟ್ಟರು. ನೆರೆದವರಲ್ಲಿ ಯಾರೋ ನಕ್ಕರು.

"ಸುಣ್ಣದ ಗುರುವನ ಮಗಳ್ ಅಲ್ದಾ? ಬೇಕಂತಲೇ ಮಾಡಿದ್!"

ಸುಗಂಧಿ ದೇವುವಿನ ಮುಖ ನೋಡಿದಳು. 'ಇಲ್ಲ ಅಂತ ಹೇಳಿ... ನೀವಾದ್ರೂ ಹೇಳಿ...'

"ಅಪ್ಪಯ್ಯನ ಗೂಡ್ ಉಳ್ಸುಕೆ ನನ್ನ್ ಕಸುಬ್ ಕೊಂದ್ಯಾ ಸುಗಂಧಿ?" ಎಂದ ಅವನು.

ಸುಗಂಧಿ ಸೊಂಟಕ್ಕೆ ಸಿಕ್ಕಿಸಿದ್ದ ಸೆರಗನ್ನು ಬಿಡಿಸಿಕೊಂಡು ದೋಣಿಗಟ್ಟೆಯ ಕಡೆ ನಡೆದಳು. ಹಿಂದೆ ತಿರುಗಲಿಲ್ಲ.

ಆ ಮಳೆಗಾಲವೆಲ್ಲ ದೇವು ಯಂತ್ರದಲ್ಲಿ ಕೆಂಪು ಮುರಕಲ್ಲು ಏರಿಸಿದ, ಮರದ ತೊಲೆ ಏರಿಸಿದ. ಕಾಂಕ್ರೀಟಿನ ಹೆಸರು ಎತ್ತಿದರೆ ಜನ ನಗುತ್ತಿದ್ದರು. ಆದರೂ ಯಂತ್ರಕ್ಕೆ ತುಕ್ಕು ಹಿಡಿಯಲು ಬಿಡಲಿಲ್ಲ.

ಒಂದು ದಿನ ಅಮ್ಮಣಿ ಅವನನ್ನು ಸಂತೆಯ ನಡುವೆಯೇ ಹಿಡಿದು ನಿಲ್ಲಿಸಿದಳು.

"ಹ್ವಾಯ್, ಬೊಂಬಾಯಿ ಮಾರಾಯ! ಗಾರೆ ನೆನ್ಸ್ದೆ ಕೆಲ್ಸ ಮಾಡಿದ್ ನಾನ್ ಈ ಜನ್ಮದಗ್ ಕಂಡಿಲ್ಲ. ಸಿಮೆಂಟ್ ಕಾದ್ ಕೂಕಂತಿಲ್ಲ ಅಂತ ನೀ ಒಂದ್ ಮಾತ್ ಹೇಳಿದ್ಯಾ?"

ದೇವು ಹೇಳಿರಲಿಲ್ಲ! ಎಲ್ಲರಿಗೂ ಗೊತ್ತಿರುತ್ತದೆಂದು ತಿಳಿದಿದ್ದ.

"ನೀ ಖುಷಿ ಪಡ್ಕ್ ಅಂತ ಆ ಹೆಣ್ಣ್ ಅವತ್ತ್ ಮಧ್ಯಾಹ್ನ ಉಂಡದ್ದೂ ಇಲ್ಲ," ಎಂದು ಹೇಳಿ ಅಮ್ಮಣಿ ಮೀನಿನ ಬುಟ್ಟಿ ಎತ್ತಿಕೊಂಡು ನಡೆದಳು.

ಮರುದಿನವೇ ಅವನು ಕೋಡಿಯ ಗೂಡಿನ ಮುಂದೆ ನಿಂತಿದ್ದ, ಗುರುವನ ಎದುರಿಗೆ.

"ತಪ್ಪ್ ನಂದ್ ಗುರುವಣ್ಣ. ಹೇಳಿ ಕೊಡ್ದೆ ಇದ್ದದ್ದ್ ಒಂದ್. ಕೇಳ್ದೆ ಅಂದದ್ದ್ ಇನ್ನೊಂದ್." ಬಾಗಿಲ ಬಳಿ ನಿಂತಿದ್ದ ಸುಗಂಧಿಯತ್ತ ತಿರುಗಿದ. "ಹೆಗ್ಡೇರಿಗೆ ಮತ್ತೆ ಪರ್ಮಿಟ್ ಸಿಕ್ಕಿತ್ತ್. ಇನ್ನೊಂದ್ ಸಲ ನೋಡ್ತೆ ಅಂದ್ರ್. ನಿಮ್ಮ್ ಗುಂಪ್ ಬರ್ಕ್."

ಸುಗಂಧಿ ಕೈಯಲ್ಲಿದ್ದ ಚಿಪ್ಪಿನ ಬುಟ್ಟಿಯನ್ನು ಕೆಳಗಿಟ್ಟಳು.

"ಕೆಲ್ಸಕ್ಕೆ ಬತ್ತೆ. ಮಾತಿಗಲ್ಲ. ಮೊದ್ಲ್ ಸಿಮೆಂಟ್ ಎಂಥದ್ದ್ ಅಂತ ಎಲ್ಲರಿಗೂ ಸಮಾ ಹೇಳಿ ಕೊಡಿ."

ಅವನು ಹೇಳಿ ಕೊಟ್ಟ. ಎಷ್ಟು ನೀರು, ಎಷ್ಟು ಹೊತ್ತು, ಯಾವಾಗ ಮುಟ್ಟಬಾರದು... ಅವಳು ಒಂದನ್ನೂ ಬಿಡದೆ ಕೇಳಿದಳು.

ತಾರಸಿಯ ದಿನ ಅರ್ಧ ಕೆಲಸವಾಗಿತ್ತಷ್ಟೇ. ಕಟಕ್! ಬೆಸುಗೆ ಹಾಕಿಸಿದ್ದ ಹಲ್ಲು ಮುರಿಯಿತು. ಯಂತ್ರ ನಿಂತಿತು. ಕೆಳಗೆ ಕಲಸಿದ ಕಾಂಕ್ರೀಟು, ಮೇಲೆ ಅರ್ಧ ತಾರಸಿ, ನೆತ್ತಿಯ ಮೇಲೆ ಉರಿಬಿಸಿಲು.

"ಮುಗೀತ್..." ದೇವು ಅಟ್ಟಣೆಯ ಮೇಲೆ ಕುಸಿದ.

"ಎಂತ ಮುಗೀತ್?" ಕೆಳಗಿನಿಂದ ಸುಗಂಧಿ ಗದರಿದಳು. "ಅಮ್ಮಣಕ್ಕ, ಬುಟ್ಟಿ ತಕ್ಕಣಿ! ಎಲ್ರೂ ಏಣಿ ಹತ್ತಿ ಸಾಲಾಯಿ ನಿಲ್ಲಿ! ಇದ್ ನಮ್ಮ್ ಸುಣ್ಣ ಅಲ್ಲ, ನಮ್ಗೆ ಕಾಯುದಿಲ್ಲ!"

ನೆಲದಿಂದ ತಾರಸಿಯವರೆಗೆ ಹೆಂಗಸರ ಸಾಲು ಎದ್ದು ನಿಂತಿತು. ಗಾರೆ ಬಡಿಯುವಾಗ ಹಾಡುವ ಪದವನ್ನು ಸುಗಂಧಿ ಎತ್ತಿಕೊಂಡಳು. ಪದದ ಒಂದೊಂದು ಪೆಟ್ಟಿಗೆ ಒಂದೊಂದು ಬುಟ್ಟಿ ಕೈಯಿಂದ ಕೈಗೆ ಹಾರುತ್ತ ಮೇಲೇರಿತು. ಪದ ನಿಲ್ಲಲಿಲ್ಲ, ಬುಟ್ಟಿಯೂ ನಿಲ್ಲಲಿಲ್ಲ. ಹೆಗ್ಡೆಯವರು ಜಗಲಿ ಬಿಟ್ಟು ಅಂಗಳಕ್ಕೆ ಬಂದು ನಿಂತರು. ಕಡೆಯ ಬುಟ್ಟಿ ಬಿದ್ದು ಮಟ್ಟ ಹಲಗೆ ಎಳೆದಾಗ, ದೇವುವಿನ ಕಣ್ಣು ತುಂಬಿತ್ತು.

ಆ ತಾರಸಿ ಒಂದು ಹನಿಯೂ ಸೋರಲಿಲ್ಲ. ಸುದ್ದಿ ತಾನಾಗಿ ಹಬ್ಬಿತು. ಬ್ರಹ್ಮಾವರದಲ್ಲಿ ಅಂಗಡಿಮನೆ, ಬಸ್ರೂರಿನಲ್ಲೇ ಇನ್ನೊಂದು ಮನೆ, ಬೈಂದೂರಿನಲ್ಲಿ ಶಾಲೆ. ಹಳೆಯ ಅಕ್ಕಿ ಗಿರಣಿಯ ಎಣ್ಣೆ ಇಂಜಿನೊಂದನ್ನು ತಂದು ದೇವು ಚಕ್ರಕ್ಕೆ ಜೋಡಿಸಿದ. ಗುರುವನ ಗೂಡೂ ತಣ್ಣಗಾಗಲಿಲ್ಲ. ದೇವು ಎತ್ತಿದ ಮನೆಗಳ ಗೋಡೆಗೆಲ್ಲ ಅಲ್ಲಿಂದಲೇ ಸುಣ್ಣ ಹೋಗುತ್ತಿತ್ತು. ಹೆಂಗಸರ ಗುಂಪು ಬರದೆ ಯಾವ ಕೆಲಸವನ್ನೂ ಅವನು ಒಪ್ಪುತ್ತಿರಲಿಲ್ಲ.

ಆದರೆ ಸುಗಂಧಿ ಕೆಲಸದ ಮಾತು ಬಿಟ್ಟು ಬೇರೊಂದು ಮಾತು ಆಡಿರಲಿಲ್ಲ...

ಶಾಲೆಯ ಕೆಲಸಕ್ಕೆ ಬೈಂದೂರಿಗೆ ಹೊರಟ ದಿನ ಮರವಂತೆಯಲ್ಲಿ ಎತ್ತಿನ ಗಾಡಿಗಳು ನೆರಳಿಗೆ ನಿಂತವು. ಒಂದು ಕಡೆ ಸಮುದ್ರ ಮೊರೆಯುತ್ತಿತ್ತು, ಇನ್ನೊಂದು ಕಡೆ ಹೊಳೆ ಸುಮ್ಮನಿತ್ತು. ಹೆಂಗಸರು ಹೊಳೆಗೆ ಇಳಿದರು. ಇಂಜಿನು ಹೇರಿದ ಗಾಡಿಯ ಹತ್ತಿರ ಇಬ್ಬರೇ ಉಳಿದರು.

"ಸುಗಂಧಿ... ಗುರುವಣ್ಣನ ಹತ್ರ ಒಂದ್ ವಿಷಯ ಕೇಳ್ಕ್ ಅಂದ್ಕಂಡೆ."

"ಕೇಳಿ. ಗೂಡಿನಗೇ ಇರ್ತ್ರ್," ಎಂದಳು ಹಗ್ಗ ಬಿಗಿಯುತ್ತ.

"ಕೇಳುಕ್ ಹೋಗ್ಲಿಲ್ಲ. ನಿನ್ನನ್ ಕೇಳ್ದೆ ಒಂದ್ ಸಲ ತೀರ್ಮಾನ ಮಾಡಿ ನಿನ್ನ್ ಮನಸ್ ನೋಯ್ಸಿದೆ. ಇನ್ನ್ ಯಾವುದನ್ನೂ ಹಾಂಗ್ ಮಾಡುದಿಲ್ಲ. ಮೊದ್ಲ್ ನಿನ್ನನ್ನೇ ಕೇಳ್ತೆ... ನಂಗೆ ನೀ ಬೇಕ್. ನಿಂಗೆ ನಾ ಬೇಕಾ?"

ಹಗ್ಗದ ಮೇಲಿನ ಅವಳ ಕೈ ನಿಂತಿತು.

"ಅವತ್ತೂ ಹೀಂಗೇ ಕೇಳಿದ್ರೆ, ಒಂದ್ ಮಳೆಗಾಲ ಉಳೀತಿತ್ತ್," ಎಂದಳು ಮೆಲ್ಲನೆ. ಕಣ್ಣಲ್ಲಿ ನೀರಿತ್ತು, ತುಟಿಯಲ್ಲಿ ನಗು.

"ಅಂದ್ರೆ...?"

"ಅಂದ್ರೆ ಎಂತ ಅಂದ್ರೆ! ಬೇಕ್ ಮಾರಾಯ್ರೆ. ಅಪ್ಪಯ್ಯನಿಗ್ ನಾನೇ ಹೇಳ್ತೆ."