ಆಸರೆ ಕಿತ್ತವರು

ಹೊಸ ತಾರಸಿ ಕುಸಿದಿತ್ತು. ಅದರಡಿಯ ಆಸರೆ ಕಂಬ ಕೀಳುತ್ತಿದ್ದ ಆಳು ಅಲ್ಲೇ ಸತ್ತಿದ್ದ. ಹೆಣ ಹೊರತೆಗೆಯುವಷ್ಟರಲ್ಲಿ ಮಧ್ಯಾಹ್ನವಾಯಿತು.

ಇನ್‌ಸ್ಪೆಕ್ಟರ್ ಸಿಮೆಂಟಿನ ಧೂಳು ನುಂಗುತ್ತಾ ನಿಂತಿದ್ದರು. ತಗಡಿನ ಶೆಡ್ಡಿನ ಮುಂದೆ ಸತ್ತವನ ತಾಯಿ ಕೂತಿದ್ದಳು. ಮಗಳು ಅವಳನ್ನು ತಬ್ಬಿಕೊಂಡಿದ್ದಳು. ಆ ಕಟ್ಟಡ ಕಟ್ಟಿಸುತ್ತಿದ್ದ ಕಂಪನಿಯ ಆಫೀಸಿನಲ್ಲೇ ಖರ್ಚು ಅಂದಾಜು ಹಾಕುವವಳು ಅವಳು. ತಾಯಿಗೆ ಇನ್ನು ಉಳಿದವಳು ಅವಳೊಬ್ಬಳೇ.

"ಯಾರೇ ಆಗಿರಲಿ, ಬಿಡಬೇಡಿ ಸಾರ್," ಎಂದಳು ತಾಯಿ.

"ಬಿಡಲ್ಲಮ್ಮ," ಎಂದರು ಇನ್‌ಸ್ಪೆಕ್ಟರ್.

* * *

ತಾರಸಿ ಹಾಕಿದ ಗುತ್ತಿಗೆದಾರ ಬಸ್ಸು ಹತ್ತುವಾಗ ಸಿಕ್ಕಿಬಿದ್ದ.

"ಕಂಬ ಮೂರು ವಾರ ನಿಲ್ಲಬೇಕಲ್ವೇನೋ? ಒಂದೇ ವಾರಕ್ಕೆ ಯಾಕೆ ಕೀಳಿಸಿದೆ?"

"ನಾನಾಗಿ ಕೀಳಿಸಲಿಲ್ಲ ಸಾರ್! ಆಫೀಸಿಂದಾನೇ ಮೆಸೇಜ್ ಬಂತು. ನೋಡಿ ಬೇಕಾದ್ರೆ."

ನಿಜ. ಕಂಪನಿಯ ಸಾಫ್ಟ್‌ವೇರ್ ಖರ್ಚಿನ ಲೆಕ್ಕ ಹಾಕುತ್ತದೆ, ಗುತ್ತಿಗೆದಾರರ ದರಗಳನ್ನು ತೂಗಿ ನೋಡುತ್ತದೆ, ಯಾವ ಕೆಲಸ ಯಾವತ್ತು ಎಂದು ಮೊಬೈಲಿಗೂ ಕಳಿಸುತ್ತದೆ. ಅದರೊಳಗೆ ಯಾರೋ ಮೂರು ವಾರವನ್ನು ಒಂದು ವಾರ ಮಾಡಿದ್ದರು. ಅದೂ ಮ್ಯಾನೇಜರ್ ಹೆಸರಿನಲ್ಲಿ.

ಮ್ಯಾನೇಜರ್ ಬೆವತು ನೀರಾದ. "ನನ್ನ ಪಾಸ್‌ವರ್ಡ್ ಎಲ್ಲರಿಗೂ ಗೊತ್ತು ಸಾರ್. ಕಂಪ್ಯೂಟರ್ ಮೇಲೇ ಅಂಟಿಸಿದೀನಿ."

ಬೀಗ ಹಾಕಿ ಕೀಲಿಕೈಯನ್ನು ಬಾಗಿಲಿಗೇ ನೇತುಹಾಕುವ ಆಸಾಮಿ. ಇನ್‌ಸ್ಪೆಕ್ಟರ್ ಹಲ್ಲು ಕಡಿದರು.

"ದಿನ ಇಳಿಸಿದ್ರೆ ಲಾಭ ಯಾರಿಗೆ?"

"ಮಿಕ್ಕ ಗುತ್ತಿಗೆದಾರರ ಹತ್ರ ಸ್ವಂತ ಕಂಬ ಇದೆ. ಎಷ್ಟು ದಿನ ನಿಂತರೂ ಅವರ ದರ ಅಷ್ಟೇ. ಇವನೊಬ್ಬ ಬಾಡಿಗೆಗೆ ತರೋನು. ಬಾಡಿಗೆ ಇಳಿದ್ರೆ ಇವನ ದರವೇ ಎಲ್ಲರಿಗಿಂತ ಕಡಿಮೆ."

ಅಂದರೆ ಗುತ್ತಿಗೆ ಇವನಿಗೇ ಸಿಗಲೆಂದು ತಿದ್ದಿದ್ದು. ಲಂಚದ ಸುಳಿವಿಗಾಗಿ ಜಾಲಾಡಿದರು. ಬಿಡಿಗಾಸೂ ಕೈ ಬದಲಾಗಿರಲಿಲ್ಲ.

* * *

ಸಂಜೆ ಗುತ್ತಿಗೆದಾರನನ್ನು ಮತ್ತೆ ಕೂರಿಸಿದರು.

"ನಿನ್ನ ಆಳುಗಳೆಲ್ಲ ಹಳಬರು. ಸತ್ತವನೊಬ್ಬನೇ ಹೊಸಬ. ಹೇಗೆ ಸೇರಿಸಿಕೊಂಡೆ?"

ಅವನು ತಲೆ ತಗ್ಗಿಸಿದ. "ಅವನ ಅಕ್ಕ ಗೋಗರೆದ್ರು. ಈ ಗುತ್ತಿಗೆ ಸಿಕ್ಕರೆ ತಗೋತೀನಿ ಅಂದಿದ್ದೆ."

ಇನ್‌ಸ್ಪೆಕ್ಟರ್‌ಗೆ ಎಲ್ಲ ತಿಳಿದುಹೋಯಿತು. ತಿಳಿಯದಿದ್ದರೇ ಚೆನ್ನಾಗಿತ್ತು ಅನ್ನಿಸಿತು.

* * *

ಮಗಳನ್ನು ಮನೆಯ ಗೇಟಿನ ಹತ್ತಿರ ಕರೆದರು. ದನಿ ತಗ್ಗಿಸಿ ಹೇಳಿದರು.

"ದರ ಕೇಳೋ ಮೊದಲೇ ದಿನ ತಿದ್ದಿದಾರೆ. ಯಾರ ದರ ಎಷ್ಟು ಇಳಿಯುತ್ತೆ ಅಂತ ಬಲ್ಲವರ ಕೆಲಸ. ದುಡ್ಡು ತಗೊಂಡಿಲ್ಲ. ಆ ಗುತ್ತಿಗೆಯಿಂದ ಆಫೀಸಿನಲ್ಲಿ ಒಬ್ಬರ ಮನೆಗೆ ಮಾತ್ರ ಒಳ್ಳೇದಾಯ್ತು. ನಿಮ್ಮ ತಮ್ಮನಿಗೆ ಕೆಲಸ ಸಿಕ್ತು."

ಅವಳು ಮನೆಯ ಕಡೆ ಒಮ್ಮೆ ತಿರುಗಿ ನೋಡಿದಳು.

"ಕೆಲಸ ಇಲ್ದೆ ದಿನಗಟ್ಟಲೆ ಗೋಡೆ ಕಡೆ ಮುಖ ಮಾಡಿ ಮಲಗಿರ್ತಿದ್ದ ಸಾರ್. ಗುತ್ತಿಗೆ ಆದ ಮೇಲೆ ತಿರುಗಿ ಮೂರು ವಾರ ಮಾಡಬೇಕು ಅಂತಿದ್ದೆ. ಕೆಲಸ ಸಿಕ್ತು ಅಂದಾಗ ಅವನು ನಕ್ಕ. ಎಷ್ಟೋ ದಿನದ ಮೇಲೆ ನಕ್ಕ. ಆ ಖುಷಿಯಲ್ಲಿ ಮರೆತೇಬಿಟ್ಟೆ."

ಇನ್‌ಸ್ಪೆಕ್ಟರ್‌ಗೆ ಈ ಕೆಲಸವೇ ಬೇಡವೆನ್ನಿಸಿತು. ಆದರೂ ಜೀಪಿನ ಕಡೆ ಕೈ ತೋರಿಸಿದರು.

ತಾಯಿ ಹೊಸ್ತಿಲಿಗೆ ಬಂದಳು. "ಎಲ್ಲಿಗೇ?"

"ಸ್ಟೇಷನ್ನಿಗಮ್ಮ," ಎಂದಳು ಮಗಳು.

"ಹೋಗು. ಗೊತ್ತಿರೋದೆಲ್ಲ ಹೇಳು. ಏನೂ ಮುಚ್ಚಿಡಬೇಡ."

ಮಗಳು ಜೀಪು ಹತ್ತಿದಳು. ಇನ್‌ಸ್ಪೆಕ್ಟರ್ ತಾಯಿಯ ಮುಖ ನೋಡಲಿಲ್ಲ.

"ಬೇಗ ಬಂದ್ಬಿಡೇ," ಎಂದು ತಾಯಿ ಹಿಂದಿನಿಂದ ಕೂಗಿದಳು. "ಒಬ್ಬಳೇ ಇರಕ್ಕೆ ಭಯ ಆಗುತ್ತೆ."