ಬಿಚ್ಚಿಟ್ಟ ತೋಳುಗಳು

ಕಪ್ಪು ಕೋಟನ್ನು ಹೊಲಿಗೆ ಅಂಗಡಿಯ ಮೇಜಿನ ಮೇಲಿಟ್ಟವನು ಅದರ ಒಂದು ತೋಳನ್ನು ಮಾತ್ರ ಬಿಡಲೇ ಇಲ್ಲ.

ಹೊಲಿಯುವವಳು ಇತ್ತ ಎಳೆದಳು. ಅವನು ಅತ್ತ ಹಿಡಿದೇ ಇದ್ದ.

"ಬಿಟ್ರೆ ತಾನೇ ನಾನು ನೋಡೋದು?" ಎಂದಳು.

"ಇದು ಅಪ್ಪಂದು," ಎಂದ. "ಹಾಳಾಗಬಾರದು."

ಅವನು ಹೊಸ ವಕೀಲ. ತಂದೆಯೂ ವಕೀಲರೇ, ಈಗ ಹಾಸಿಗೆ ಹಿಡಿದಿದ್ದರು. ಮಗ ತಮ್ಮ ಕೋಟು ತೊಟ್ಟು ನಿಂತಿದ್ದನ್ನು ಒಮ್ಮೆ ಕಣ್ತುಂಬ ನೋಡಬೇಕು ಎನ್ನುವುದೊಂದೇ ಅವರ ಆಸೆ. ಆದರೆ ಅಪ್ಪ ದೊಡ್ಡ ಆಳು, ಮಗ ಕಡ್ಡಿ. ಇದನ್ನು ತೊಟ್ಟರೆ ಒಳಗೆ ಇನ್ನೊಬ್ಬ ವಕೀಲನಿಗೂ ಜಾಗ ಉಳಿಯುತ್ತೆ ಎಂದು ಅವನೇ ಹೇಳಿದಾಗ ಅವಳಿಗೆ ನಗು ತಡೆಯಲಾಗಲಿಲ್ಲ. ಅವನೂ ನಕ್ಕ. ಆಗಲೇ ಅವನ ಕೈ ಸಡಿಲವಾದದ್ದು.

ಭುಜದ ಅಳತೆ ತೆಗೆಯುವಾಗ ಅಂಕಿ ಮರೆತು ಅವಳು ಮತ್ತೆ ಟೇಪು ಹಿಡಿಯಬೇಕಾಯಿತು... ಎಷ್ಟೋ ಜನರ ಅಳತೆ ತೆಗೆದವಳು!

ಅವನು ಹೋದ ಮೇಲೆ ಕೋಟಿನ ಎರಡೂ ತೋಳು ಬಿಚ್ಚಿದಳು. ಭುಜ ಸಣ್ಣದು ಮಾಡಬೇಕಾದರೆ ಮೊದಲು ತೋಳು ಬಿಚ್ಚಲೇಬೇಕು. ಅದು ಸುಲಭದ ಕೆಲಸ. ಆಮೇಲೆ ಕತ್ತರಿ ಹಾಕಬೇಕು... ಅಲ್ಲಿ ಕೈ ನಿಂತಿತು. ಒಂದಿಷ್ಟು ತಪ್ಪಿದರೂ ಈ ಬಟ್ಟೆ ಇನ್ನೆಲ್ಲಿ ಸಿಗುತ್ತದೆ? ಆಮೇಲೆ ಅವನ ಮುಖ ಹೇಗೆ ನೋಡುವುದು?

ಬೆಳಕು ಚೆನ್ನಾಗಿದ್ದಾಗ ಮಾಡೋಣ ಎಂದು ಮಡಚಿಟ್ಟಳು.

ಅಂಗಡಿ ಅವಳ ಚಿಕ್ಕಮ್ಮನದು. ಹೊಲಿಗೆಯಲ್ಲಿ ಈ ಹುಡುಗಿಯನ್ನು ಮೀರಿಸುವವರು ಆ ಬೀದಿಯಲ್ಲಿರಲಿಲ್ಲ. ಮುಂದೂಡುವುದರಲ್ಲೂ ಇರಲಿಲ್ಲ. ಕಷ್ಟದ ಬಟ್ಟೆಗಳೆಲ್ಲ ಹಾಗೇ ಬೀರು ಸೇರುತ್ತಿದ್ದವು.

ವಕೀಲ ದಿನವೂ ಸಂಜೆ ಸೀನಿಯರ್ ಆಫೀಸಿನಿಂದ ನೇರ ಬರುತ್ತಿದ್ದ. ಸ್ಟೂಲಿನ ಮೇಲೆ ಕೂತು, ಗುಂಡಿಗಳ ಡಬ್ಬಿಯಲ್ಲಿ ಕೈಯಾಡಿಸುತ್ತ, ಅಪ್ಪ ಇವತ್ತು ಎಷ್ಟು ಉಂಡರು, ಯಾರಿಗೆ ಬೈದರು ಎಂದೆಲ್ಲ ಹೇಳುತ್ತಿದ್ದ. ಮೊದಮೊದಲು ಕೋಟಿನ ವಿಷಯ ಕೇಳುತ್ತಿದ್ದವನು ಬರುಬರುತ್ತ ಕೇಳುವುದನ್ನೇ ಬಿಟ್ಟ.

ಹಾಗಾದರೆ ಅವಸರವಿಲ್ಲ ಎಂದುಕೊಂಡಳು ಅವಳು. ಸಂಜೆಗೆ ಮುಂಚೆ ತಲೆ ಬಾಚಿಕೊಳ್ಳುವುದು ಮಾತ್ರ ಒಂದು ದಿನವೂ ಮುಂದಕ್ಕೆ ಹೋಗಲಿಲ್ಲ.

ಒಂದು ದಿನ ಅವನು ಬೆಳಿಗ್ಗೆಯೇ ಬಂದ. ಕಾಲಲ್ಲಿ ಚಪ್ಪಲಿ ಇರಲಿಲ್ಲ.

"ಕೋಟು ಕೊಡಿ. ಅಪ್ಪ ಕೇಳ್ತಿದ್ದಾರೆ... ಡಾಕ್ಟ್ರು ಕೈಬಿಟ್ರು. ಆಲ್ಟರ್ ಆಗದಿದ್ರೂ ಪರವಾಗಿಲ್ಲ, ದೊಗಳೆ ಆದ್ರೂ ಹಾಗೇ ಹಾಕ್ಕೋತೀನಿ."

ಅವಳು ಬೀರು ತೆರೆದಳು. ಮೊದಲು ಕೋಟು ಬಂತು. ಆಮೇಲೆ ಒಂದು ತೋಳು. ಆಮೇಲೆ ಇನ್ನೊಂದು.

ಅವನು ನೋಡುತ್ತಲೇ ನಿಂತ.

"ನೀವು ಮುಟ್ಟದೇ ಇದ್ದಿದ್ರೂ ಸಾಕಾಗಿತ್ತು," ಎಂದ. ದನಿ ಏರಲಿಲ್ಲ. ಏರಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳೇನೋ.

ಕೋಟನ್ನು ಅಲ್ಲೇ ಬಿಟ್ಟು ಓಡಿದ. ಮಧ್ಯಾಹ್ನಕ್ಕೆ ಅವನ ತಂದೆ ಹೋಗಿಬಿಟ್ಟರು ಎಂದು ಸುದ್ದಿ ಬಂತು. ಅವಳು ಹೋಗಿ ಅವರ ಮನೆ ಗೇಟಿನ ಹತ್ತಿರ ನಿಂತಳು. ಅವಳನ್ನು ಕಂಡು ಅವನು ಮುಖ ತಿರುಗಿಸಿದ. ಸಾಯುವವರ ಒಂದೇ ಒಂದು ಆಸೆ... ಅದೂ ತನ್ನ ಕೈಯಿಂದ ತಪ್ಪಿತು.

ಆಮೇಲೆ ಅವಳು ತನಗೆ ತಾನೇ ಬೈದುಕೊಳ್ಳದ ಗಳಿಗೆಯಿಲ್ಲ. ಸೋಮಾರಿ. ದಂಡಪಿಂಡ. ಸೂಜಿ ಹಿಡಿಯೋ ಯೋಗ್ಯತೆ ಇದೆಯಾ ನಿನಗೆ? ಬೈದುಕೊಂಡಷ್ಟೂ ಕೈ ಕಟ್ಟಿಹಾಕಿದಂತಾಗುತ್ತಿತ್ತು. ಬೀರುವಿಗೆ ಬೆನ್ನು ಹಾಕಿ ಕೂರುತ್ತಿದ್ದಳು. ಉಳಿದ ಕೆಲಸವೂ ನಿಂತಿತು.

ಪಕ್ಕದಲ್ಲಿ ಇಸ್ತ್ರಿ ಮಾಡುತ್ತಿದ್ದ ಚಿಕ್ಕಮ್ಮನಿಗೆ ಈ ಗೊಣಗಾಟ ಕೇಳಿ ಕೇಳಿ ಸಾಕಾಯಿತು. ನೀನು ನಿನಗೆ ಬೈಯೋ ಥರ ಗಿರಾಕಿಗಳಿಗೆ ಬೈದಿದ್ದರೆ ಅಂಗಡಿ ಎಂದೋ ಮುಚ್ಚಬೇಕಿತ್ತು ಎಂದಳು. ಅವಳು ನಗಲಿಲ್ಲ. ಚಿಕ್ಕಮ್ಮ ಇಸ್ತ್ರಿಪೆಟ್ಟಿಗೆ ಎತ್ತಿಟ್ಟು ಹತ್ತಿರ ಬಂದಳು.

"ನೀನು ಸೋಮಾರಿಯಲ್ಲ ಕಣೇ. ಹೆದರ್ಕೊಂಡಿದ್ದೀಯ. ಹೆದರಿದವರಿಗೆ ಬೈದ್ರೆ ಕೈ ಓಡುತ್ತಾ? ಹೊಲಿಗೆ ಕಲಿಯೋಕೆ ಬರೋ ಹುಡುಗೀರಿಗೆ ಏನು ಹೇಳ್ತೀಯ ನೀನು?"

"ನಿಧಾನಕ್ಕೆ ಮಾಡು... ಒಂದು ಹೊಲಿಗೆ ಹಾಕು ಸಾಕು ಅಂತೀನಿ."

"ನಿನಗೂ ಅದನ್ನೇ ಹೇಳ್ಕೋ."

"ಅವರು ಹೋಗ್ಬಿಟ್ರು ಚಿಕ್ಕಮ್ಮ. ಇನ್ನು ಯಾರು ನೋಡಲಿ ಅಂತ ಹೊಲೀಲಿ?" ಅಷ್ಟು ದಿನ ಬಾರದ ಅಳು ಆಗ ಬಂತು.

ಚಿಕ್ಕಮ್ಮ ಅವಳ ತಲೆಯನ್ನು ಹೊಟ್ಟೆಗೆ ಒತ್ತಿಕೊಂಡು ನಿಂತಳು.

ಮರುದಿನ ಅವಳು ಬೀರು ತೆರೆದಳು. ಇವತ್ತು ಬರೀ ಸೀಮೆಸುಣ್ಣದಲ್ಲಿ ಗುರುತು ಹಾಕು ಪುಟ್ಟಿ, ಕತ್ತರಿ ಮುಟ್ಟಬೇಡ ಎಂದು ತನಗೇ ಹೇಳಿಕೊಂಡಳು. ಬೇರೆ ಯಾರೊಂದಿಗೋ ಮಾತಾಡಿದಂತೆ ಅನಿಸಿ ನಾಚಿಕೆಯಾಯಿತು. ಆದರೆ ಗುರುತು ಬಿತ್ತು.

ಇನ್ನೊಂದು ದಿನ ಕತ್ತರಿ ಹಿಡಿದಾಗ ಹಳೆಯ ದನಿ ಎದ್ದಿತು. ಈಗ ಮಾಡಿ ಏನು ಪ್ರಯೋಜನ? ಅವಳು ಅದರ ಬಾಯಿ ಮುಚ್ಚಿಸಲಿಲ್ಲ. ಹೌದು, ತಡವಾಯ್ತು. ತಡ ಮಾಡಿದ್ದು ನಾನೇ. ಭಯ ಆಗಿತ್ತು ನನಗೆ. ಬಾ, ಈಗ ಈ ಭುಜ ನೋಡೋಣ...

ಕಣ್ಣೊರೆಸಿಕೊಂಡು ಕತ್ತರಿಸಿದಳು. ಎರಡನೆಯ ತೋಳು ಸ್ವಲ್ಪ ಸೊಟ್ಟಗೆ ಕೂತಿತು. ಬೈದುಕೊಳ್ಳದೆ ಬಿಚ್ಚಿದಳು, ಮತ್ತೆ ಕೂರಿಸಿದಳು.

ಕೋಟು ಹಿಡಿದು ಅವನ ಮನೆಗೆ ಹೋದಾಗ ಬಾಗಿಲು ತೆರೆದದ್ದು ಅವನೇ. ಹಿಂದೆ ಖಾಲಿ ಮಂಚ ಕಾಣುತ್ತಿತ್ತು, ಹಾಸಿಗೆ ಸುತ್ತಿಟ್ಟಿತ್ತು.

ಅವಳು ಹೊಸಿಲಾಚೆಯೇ ನಿಂತಳು. ಕತ್ತರಿ ಹಾಕಲು ಹೆದರಿದ್ದನ್ನು, ಬಚ್ಚಿಟ್ಟದ್ದನ್ನು, ಯಾವುದನ್ನೂ ಮುಚ್ಚಿಡದೆ ಹೇಳಿದಳು. ಅವನು ಕೋಟು ತೆಗೆದುಕೊಂಡು ತೊಟ್ಟ. ಭುಜ ಅಚ್ಚುಕಟ್ಟಾಗಿ ಕೂತಿತು. ಗುಂಡಿ ಹಾಕಿಕೊಂಡು, ರೂಢಿಯಂತೆ ಅಪ್ಪನ ಮಂಚದ ಕಡೆ ತಿರುಗಿದ. ಹಾಗೇ ಅದರ ಮೇಲೆ ಕುಸಿದು ಕೂತ.

"ಪಾಸಾದ ದಿನವೇ ಕೊಟ್ಟಿದ್ರು ಅಪ್ಪ. ನಾನೇ ಎಷ್ಟೋ ತಿಂಗಳು ಹಾಗೇ ಇಟ್ಕೊಂಡಿದ್ದೆ. ಆಮೇಲೆ... ಕೋಟು ಕೈಗೆ ಬಂದ್ರೆ ದಿನಾ ಅಂಗಡಿಗೆ ಬರೋಕೆ ನೆಪ ಇರಲ್ಲ ಅಂತ ಕೇಳೋದನ್ನೇ ಬಿಟ್ಟೆ. ತಪ್ಪೆಲ್ಲ ನಿಮ್ಮ ಮೇಲೆ ಹಾಕಿ ತಪ್ಪಿಸ್ಕೊಂಡೆ. ನಾನೆಂಥ ಮಗ... ನೀಚ."

"ಹಾಗನ್ಕೋಬೇಡಿ," ಎಂದಳು. "ಕೊನೇ ತನಕ ಅವರಿಗೆ ಊಟ ಮಾಡಿಸಿದ್ದು ಯಾರು?"

"ನಾನು."

"ಅದನ್ನೂ ಹೇಳ್ಕೊಳ್ಳಿ. ತಪ್ಪು ತಪ್ಪೇ. ಆದ್ರೆ ಬರೀ ಅದೊಂದನ್ನೇ ಹೇಳ್ಕೊಂಡ್ರೆ ನಾಳೆ ಎದ್ದು ನಿಲ್ಲೋಕಾಗಲ್ಲ. ನನಗೆ ಗೊತ್ತು."

ಅವನು ಬಹಳ ಹೊತ್ತು ಅತ್ತ. ಅವಳು ಹೊರಗೆ ನಿಂತೇ ಇದ್ದಳು.

"ನಿಮ್ಮನ್ನ ಕಂಡ್ರೆ ನನಗೆ ತುಂಬ ಇಷ್ಟ," ಎಂದ ಕೊನೆಗೆ, ತಲೆ ಎತ್ತದೆ. "ಕೋಪವೂ ಇನ್ನೂ ಇದೆ. ಎರಡೂ ನಿಜ."

"ಇರಲಿ. ನನಗೂ ನೀವಂದ್ರೆ ಇಷ್ಟ. ಕೋಪ ಇಳಿಯೋ ತನಕ ಕಾಯ್ತೀನಿ."

"ಹೊರಗೆ ನಿಂತು ಕಾಯೋದು ಬೇಡ," ಎಂದ ಅವನು, ಮಂಚದ ಮೇಲೆ ಸ್ವಲ್ಪ ಸರಿದು ಜಾಗ ಮಾಡುತ್ತ. "ಒಳಗೆ ಬನ್ನಿ."