ಹತ್ತರವರೆಗೆ ಎಣಿಸಿದವಳು

ಅವನು ಬಂದದ್ದು ಝೆರಾಕ್ಸ್ ಮಾಡಿಸಲು.

ತಪ್ಪು ಅವನದಲ್ಲ. ನಮ್ಮ ಕ್ಯಾಂಪಸ್ಸಿನ ಲೈಬ್ರರಿ ಪಕ್ಕದ ಆ ಕೋಣೆ ಕಳೆದ ಮಳೆಗಾಲದವರೆಗೂ ಝೆರಾಕ್ಸ್ ಅಂಗಡಿಯೇ ಆಗಿತ್ತು. ಅಂಗಡಿಯವರು ಮಷಿನ್ ಕಟ್ಟಿಕೊಂಡು ಕುಮಟಾ ಬಸ್‌ಸ್ಟ್ಯಾಂಡಿನ ಹತ್ತಿರ ಹೋದ ಮೇಲೆ, ಎರಡು ಕುರ್ಚಿ, ಒಂದು ಮೇಜು, ಒಂದು ಮನಿಪ್ಲಾಂಟ್ ಇಟ್ಟು ‘ವಿದ್ಯಾರ್ಥಿ ಸ್ವಾಸ್ಥ್ಯ ಕೇಂದ್ರ’ ಎಂದು ಬೋರ್ಡು ಹಾಕಿದರು. ಬೋರ್ಡನ್ನು ಹೆಚ್ಚಿನವರು ಓದುತ್ತಿರಲಿಲ್ಲ. ಓದಿದವರು ಒಳಗೆ ಬರುತ್ತಿರಲಿಲ್ಲ. ಒಳಗೆ ಹೋದದ್ದನ್ನು ಯಾರಾದರೂ ನೋಡಿಬಿಟ್ಟರೆ ಎಂಬ ಭಯ ಎಲ್ಲರಿಗೂ ಇತ್ತು.

"ಮೂವತ್ತೆರಡು ಪೇಜ್, ಎರಡು ಕಾಪಿ," ಎಂದು ಅವನು ಕಾಗದದ ಕಟ್ಟನ್ನು ನನ್ನ ಮುಂದಿಟ್ಟ.

"ಇಲ್ಲಿ ಝೆರಾಕ್ಸ್ ಇಲ್ಲ. ಇಲ್ಲಿ ಮಾತಾಡೂದು."

"ಎಂತ ಮಾತಾಡೂದು?"

"ಎಂತದಾದ್ರೂ."

ಅವನು ಬಾಗಿಲು ನೋಡಿದ, ಮೇಜಿನ ಮೇಲಿದ್ದ ಟಿಶ್ಯೂ ಡಬ್ಬ ನೋಡಿದ, ಆಮೇಲೆ ನನ್ನನ್ನು ನೋಡಿದ. ಕಣ್ಣಲ್ಲಿ ಸಣ್ಣ ನಗು ಇತ್ತು. ಆದರೆ ಕಾಗದ ವಾಪಸ್ ತೆಗೆದುಕೊಂಡ ಕೈ ನಡುಗುತ್ತಿತ್ತು. ಆ ನಗು, ಆ ನಡುಕ ಎರಡನ್ನೂ ಒಂದೇ ಸಲ ಕಂಡದ್ದು ನನ್ನ ಕಷ್ಟದ ಶುರು. ಅವನು ಕುರ್ಚಿ ಎಳೆದುಕೊಂಡು ಕುಳಿತ.

ನಾನು ಪ್ರಣಿತಾ, ಶಿರಾಲಿಯವಳು, ಎಂ.ಎಸ್.ಡಬ್ಲ್ಯೂ ಕೊನೆಯ ವರ್ಷ. ಆ ಕೋಣೆಯಲ್ಲಿ ವಾಲಂಟಿಯರ್ ಆಗಿ ಕೂರುವುದು ನನ್ನ ಫೀಲ್ಡ್‌ವರ್ಕ್. ಹುಟ್ಟಿನಿಂದ ನಾನು ಬಾಯಿಬಡುಕಿ. ಊರಲ್ಲಿ ಬಸ್ಸು ಹತ್ತಿದರೆ ಹೊನ್ನಾವರದ ಸೇತುವೆ ಬರುವಷ್ಟರಲ್ಲಿ ಪಕ್ಕದ ಸೀಟಿನವರ ಮನೆಯ ಕಥೆಯೆಲ್ಲ ನನಗೆ ಗೊತ್ತಾಗಿರುತ್ತದೆ. ಇಂಥವಳಿಗೆ ಕೌನ್ಸೆಲರ್ ಗಾಯತ್ರಿ ಮೇಡಂ ಕಲಿಸಿದ ಮೊದಲ ಪಾಠವೇ ಸುಮ್ಮನಿರುವುದು. ಎದುರಿನವರು ಮಾತು ನಿಲ್ಲಿಸಿದರೆ ನಡುವೆ ಬಾಯಿ ಹಾಕಬೇಡಿ, ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ, ಮುಂದಿನ ಮಾತು ಅವರಿಗೇ ಸಿಗುತ್ತದೆ ಎಂದಿದ್ದರು. ಟ್ರೇನಿಂಗಿನಲ್ಲಿ ನಾಲ್ಕಕ್ಕೇ ಬಾಯಿ ಬಿಟ್ಟು ಎರಡು ಸಲ ಬೈಸಿಕೊಂಡಿದ್ದೆ. ಹಾಗಾಗಿ ಇವನ ಎದುರು ಮೇಜಿನ ಕೆಳಗೆ ಕೈ ಬಿಗಿಹಿಡಿದು ಎಣಿಸುತ್ತ ಕೂತೆ.

ಅವನ ಹೆಸರು ರವೀಂದ್ರ. ಯಾಣದ ರಸ್ತೆಯಲ್ಲಿ ಗದ್ದೆ, ತರಕಾರಿ ಮಾಡುವ ಮನೆಯ ಹುಡುಗ, ಜಾನಪದದಲ್ಲಿ ಎಂ.ಎ. ಆ ಮೂವತ್ತೆರಡು ಪೇಜು ಅವನ ಅಜ್ಜಿ ಹೊನ್ನಮ್ಮನ ಹಾಡುಗಳ ಮೇಲೆ ಬರೆದ ಪ್ರಬಂಧ. ಜನವರಿಯಲ್ಲಿ ಕ್ಯಾಂಪಸ್ಸಿನಲ್ಲಿ ಎರಡು ದಿನದ ವಿಚಾರ ಸಂಕಿರಣ; ಅಲ್ಲಿ ಅದನ್ನು ಮಂಡಿಸದಿದ್ದರೆ ಪ್ರಾಜೆಕ್ಟ್ ಪಾಸಾಗುವುದಿಲ್ಲ, ವರ್ಷ ಹೋಗುತ್ತದೆ ಎಂದು ಅವನ ಗೈಡ್ ಶ್ರೀಧರ ಸರ್ ಹೇಳಿಬಿಟ್ಟಿದ್ದರು. ಕಳೆದ ವರ್ಷ ಡಿಪಾರ್ಟ್‌ಮೆಂಟಿನ ಸೆಮಿನಾರಿನಲ್ಲಿ ಅವನು ಮೊದಲ ವಾಕ್ಯ ಹೇಳಿ ನಿಂತವನು ಎರಡನೆಯದಕ್ಕೆ ಹೋಗಲೇ ಇಲ್ಲ. ಕಾಗದ ಅಲ್ಲೇ ಬಿಟ್ಟು, ಹಿಂಬಾಗಿಲಿನಿಂದ ಹೊರಟುಹೋದ. ಯಾರೋ ಅದನ್ನು ಮೊಬೈಲಿನಲ್ಲಿ ವಿಡಿಯೋ ಮಾಡಿ ಗ್ರೂಪಿಗೆ ಹಾಕಿದ್ದರು.

"ಹೊರಗೆ ಕಂಡ್ರೆ ನನ್ನ ಪರಿಚಯ ಅದೆ ಅಂತ ತೋರ್ಸಬೇಡಿ," ಎಂದ. "ಮತ್ತೆ ಎಲ್ಲರೂ ನಗೂಕೆ ಶುರು ಮಾಡ್ತ್ರು."

ಅದು ನಮ್ಮ ನಿಯಮವೂ ಹೌದು. ಮಾತು ಕೊಟ್ಟೆ.

ಮಂಗಳವಾರ ಮತ್ತು ಶುಕ್ರವಾರ ಮೂರೂವರೆಗೆ ಅವನು ಬರತೊಡಗಿದ. ಒಂದು ವಾಕ್ಯ ಹೇಳುತ್ತಿದ್ದ, ನಿಲ್ಲಿಸುತ್ತಿದ್ದ, ನನ್ನ ಮುಖ ನೋಡುತ್ತಿದ್ದ. ಗೇಟಿನಾಚೆ ನಿಂತು ಒಳಗೆ ಬರಬಹುದಾ ಎಂದು ಕೇಳುವವರು ನೋಡುತ್ತಾರಲ್ಲ, ಹಾಗೆ. ನಾನು ಎಣಿಸುತ್ತಿದ್ದೆ. ಏಳಕ್ಕೋ ಎಂಟಕ್ಕೋ ಅವನ ಕಣ್ಣು ಕೆಳಗಾಗಿ, ಬೆರಳುಗಳು ಕೈಯಲ್ಲಿದ್ದ ಬಸ್ ಟಿಕೆಟನ್ನು ಸುತ್ತತೊಡಗುತ್ತಿದ್ದವು. ಆಮೇಲೆ ಬಹಳ ಕಷ್ಟದಿಂದ ಇನ್ನೊಂದು ವಾಕ್ಯ ಬರುತ್ತಿತ್ತು. ನಾನು ಎಷ್ಟು ಚೆನ್ನಾಗಿ ಕೇಳಿಸಿಕೊಳ್ಳುತ್ತಿದ್ದೇನೆ ಎಂದು ನನಗೆ ನನ್ನ ಮೇಲೆ ಹೆಮ್ಮೆ.

"ನೀವು ಯಾವಾಗ್ಲೂ ಮಾತು ಕಮ್ಮಿನಾ?" ಎಂದು ಒಂದು ದಿನ ಕೇಳಿದ.

ನನ್ನ ರೂಮ್‌ಮೇಟ್ ರೇಖಾ ಕೇಳಿಸಿಕೊಂಡಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

"ಇಲ್ಲಿ ಕಮ್ಮಿ," ಎಂದೆ.

"ಹೊರಗೆ?"

"ಹೊರಗೆ ನಿಮಗೆ ನನ್ನ ಪರಿಚಯವೇ ಇಲ್ಲ ಅಲ್ವಾ."

ಅವನು ನಕ್ಕ. ನಕ್ಕರೆ ಬಲಗೆನ್ನೆಯಲ್ಲಿ ಮಾತ್ರ ಗುಳಿ ಬೀಳುತ್ತದೆ. ಎಡಗೆನ್ನೆ ಗಂಭೀರವಾಗಿಯೇ ಇರುತ್ತದೆ. ಆ ಸಂಜೆ ಕ್ಯಾಂಟೀನಿನ ಬಾಗಿಲಲ್ಲಿ ಎದುರಾದಾಗ ಅವನು ನನ್ನನ್ನು ನೋಡದಿರಲು ತಿರುಗಿ ನೋಟಿಸ್ ಬೋರ್ಡ್ ಓದತೊಡಗಿದ. ಬೋರ್ಡು ಖಾಲಿ ಇತ್ತು. ನಾನು ಬನ್ಸ್ ತಟ್ಟೆ ಹಿಡಿದುಕೊಂಡು ನಗು ತಡೆಯಲಾರದೆ ಒಳಗೆ ಓಡಿದೆ.

ನಗು ಹಾಸ್ಟೆಲ್ ಮುಟ್ಟುವವರೆಗೂ ಉಳಿಯಲಿಲ್ಲ. ವಾಲಂಟಿಯರಿಗೆ ತನ್ನ ಬಳಿ ಬರುವವರ ಮೇಲೆ ಮನಸ್ಸಾದರೆ ತಕ್ಷಣ ಮೇಡಂಗೆ ಹೇಳಿ ಫೈಲು ಒಪ್ಪಿಸಬೇಕು. ನಾನು ಸಹಿ ಮಾಡಿದ ಕಾಗದದಲ್ಲೇ ಅದು ಇದೆ. ನನಗೆ ಮನಸ್ಸಾಗಿತ್ತು. ಗೊತ್ತಿದ್ದೂ ಹೇಳಲಿಲ್ಲ. ಹೇಳಿದರೆ ಮಂಗಳವಾರ ಹೋಗುತ್ತದೆ, ಶುಕ್ರವಾರ ಹೋಗುತ್ತದೆ, ಉಳಿದ ವಾರ ನನಗೆ ಎಂತಕ್ಕೆ?

ಸಂಕಿರಣಕ್ಕೆ ಹತ್ತು ದಿನ ಇರುವಾಗ, ಒಂದು ಶುಕ್ರವಾರ, ಅವನು ಪ್ರಬಂಧವನ್ನು ಬ್ಯಾಗಿನಿಂದ ತೆಗೆಯಲೇ ಇಲ್ಲ. ಟಿಕೆಟನ್ನೂ ಸುತ್ತಲಿಲ್ಲ. ಎರಡೂ ಕೈ ಮೇಜಿನ ಮೇಲಿಟ್ಟು ಹೇಳಿದ:

"ನಾನು ಇಲ್ಲಿಗೆ ಬರೂದು ಈಗ ಪೇಪರಿಗಲ್ಲ ಅನ್ನಿಸ್ತದೆ, ಪ್ರಣಿತಾ."

ನನ್ನ ಹೆಸರು ಅವನ ಬಾಯಲ್ಲಿ ಮೊದಲ ಸಲ. ಬಾಯಿ ತೆರೆದರೆ ಎಲ್ಲವೂ ಒಟ್ಟಿಗೆ ಹೊರಗೆ ಬೀಳುತ್ತಿತ್ತು. ಹಾಗಾಗಿ ಕಲಿತದ್ದನ್ನೇ ಮಾಡಿದೆ. ಒಂದು, ಎರಡು, ಮೂರು. ಅವನು ನನ್ನನ್ನೇ ನೋಡುತ್ತಿದ್ದ. ಆರು, ಏಳು. ಅವನ ಮುಖದಲ್ಲಿ ಏನೋ ಆರಿತು. ಹತ್ತು ಆಗಲಿ, ಹೇಳಿಬಿಡುತ್ತೇನೆ, ನಿಯಮ ಹಾಳಾಗಿ ಹೋಗಲಿ ಎಂದುಕೊಂಡೆ.

ಒಂಬತ್ತಕ್ಕೆ ಅವನು ಎದ್ದ.

"ಆತು," ಎಂದ. ಕುರ್ಚಿಯನ್ನು ಮೇಜಿನ ಒಳಗೆ ಸರಿಸಿಟ್ಟು ಹೋದ.

ಮಂಗಳವಾರ ಮೂರೂವರೆಗೆ ಬರಲಿಲ್ಲ. ನಾಲ್ಕಕ್ಕೂ ಬರಲಿಲ್ಲ. ಶುಕ್ರವಾರವೂ ಕುರ್ಚಿ ಖಾಲಿ. ಸೋಮವಾರ ಸಂಕಿರಣ. ಅವನು ಬರದಿದ್ದರೆ ಅವನ ವರ್ಷ ಹೋಗುತ್ತದೆ, ಹೋದದ್ದು ನನ್ನಿಂದ. ತಡೆಯಲಾಗಲಿಲ್ಲ. ಗಾಯತ್ರಿ ಮೇಡಂ ಹತ್ತಿರ ಹೋಗಿ ಮೊದಲಿನಿಂದ ಕೊನೆಯವರೆಗೆ ಹೇಳಿ ಅತ್ತುಬಿಟ್ಟೆ.

ಅವರು ಬೈಯಲಿಲ್ಲ, ಅದೇ ಹೆಚ್ಚು ನೋವಾಯಿತು. ಇದನ್ನು ತಿಂಗಳ ಹಿಂದೆ ಹೇಳಬೇಕಿತ್ತು ಎಂದು ಫೈಲು ತೆಗೆದುಕೊಂಡರು. ತಾವೇ ಅವನಿಗೆ ಫೋನ್ ಮಾಡಿದರು. ಅವನು ಆರಾಮಿದ್ದೇನೆ ಎಂದನಂತೆ. ಸಂಕಿರಣಕ್ಕೆ ಬರುತ್ತೀಯಾ ಎಂದರೆ ಅಜ್ಜಿಯನ್ನು ಕರೆತರಬೇಕು ಎಂದನಂತೆ, ತನ್ನ ವಿಷಯ ಹೇಳಲಿಲ್ಲವಂತೆ.

"ಇವತ್ತಿನಿಂದ ನೀನು ಅವನ ವಾಲಂಟಿಯರ್ ಅಲ್ಲ," ಎಂದರು ಮೇಡಂ. "ಆದರೆ ಹೊರಗೆ ಪರಿಚಯ ತೋರಿಸುವುದಿಲ್ಲ ಎಂದು ಕೊಟ್ಟ ಮಾತು ಮಾತೇ."

ಸೋಮವಾರ ಬೆಳಿಗ್ಗೆ ನನಗೆ ರಿಜಿಸ್ಟ್ರೇಷನ್ ಟೇಬಲ್ಲಿನ ಕೆಲಸ. ಬ್ಯಾಗು, ಪೆನ್ನು, ಊಟದ ಕೂಪನ್ ಕೊಡುತ್ತ ಗೇಟನ್ನೇ ನೋಡುತ್ತಿದ್ದೆ. ಒಂಬತ್ತೂವರೆಗೆ ಅವನು ಅಜ್ಜಿಯ ಕೈ ಹಿಡಿದು ಬಂದ. ಹೊನ್ನಮ್ಮ ಉದ್ಘಾಟನೆಯಲ್ಲಿ ಹಾಡುವವರು. ಅವರನ್ನು ನನ್ನ ಪಕ್ಕದ ಕುರ್ಚಿಯಲ್ಲಿ ಕೂರಿಸಿ, ನನ್ನ ಕಡೆ ಕಣ್ಣೆತ್ತದೆ ಹೋದ. ನಾನೂ ಕಣ್ಣೆತ್ತಲಿಲ್ಲ. ಮಾತು ಕೊಟ್ಟಿದ್ದೆನಲ್ಲ.

ಸ್ವಲ್ಪ ಹೊತ್ತಿಗೆ ಮೈಕಿನ ಉಸ್ತುವಾರಿಯ ಸುಜಯ ಓಡಿಬಂದ. ಮೈಕ್ ಟೆಸ್ಟಿಗೆ ಒಂದೇ ಒಂದು ಸಾಲು ಹಾಡಿ ಎಂದು ಹೊನ್ನಮ್ಮನನ್ನು ಕೇಳಿದ. ಅವರು ತಲೆ ಅಲ್ಲಾಡಿಸಿದರು. ತನ್ನ ಜೊತೆ ಹಾಡುವ ಬಂಗಾರಿ ಮುಂದಿನ ಬಸ್ಸಿಗೆ ಬರುತ್ತಾಳೆ, ಅವಳು ಬರುವವರೆಗೆ ಇಲ್ಲ. ಒಂದೇ ಸಾಲಲ್ಲವಾ ಎಂದು ಅವನು ಎಷ್ಟು ಗೋಗರೆದರೂ ಕೇಳಲಿಲ್ಲ. ಅವನು ತಲೆ ಕೆರೆದುಕೊಂಡು ಹೋದ ಮೇಲೆ ನಾನು ನೀರು ಕೊಟ್ಟು, ಒಬ್ಬರೇ ಹಾಡಿದರೆ ಎಂತ ಆಗ್ತದೆ ಅಜ್ಜಿ ಎಂದು ಕೇಳಿದೆ.

"ಒಬ್ಳು ಒಂದು ಸಾಲು ಹೇಳಿ ನಿಲ್ಸೂದು," ಎಂದರು. "ಎದುರಿನವ್ಳು ಅದನ್ನೇ ಎತ್ಕಂಡು ಹೇಳ್ಬೇಕು. ಆಗ ಮುಂದಿನ ಸಾಲು ಬತ್ತದೆ. ಎತ್ಕಳ್ಳಲಿಲ್ಲ ಅಂದ್ರೆ ಬ್ಯಾಡ ಅಂದ ಹಂಗೆ. ಅಲ್ಲಿಗೇ ಬಿಡೂದು."

ನನ್ನ ಕೈಯಲ್ಲಿದ್ದ ಕೂಪನ್ನುಗಳು ಕೈಯಲ್ಲೇ ಉಳಿದವು.

"ಹಾಡಲ್ಲಿ ಮಾತ್ರವಾ?"

"ನಮ್ಮನೇಲಿ ಮಾತೂ ಹಂಗೇ. ನಮ್ಮ ರವೀಂದ್ರ ಸಣ್ಣವ ಇದ್ದಾಗ್ಲಿಂದ ನನ್ನ ಎದುರು ಕೂತು ಸಾಲು ಎತ್ತಿದವ. ಎದುರಿದ್ದವ್ರು ಹ್ಞೂಂ ಅನ್ನದೆ ಇದ್ರೆ ಅವನಿಗೆ ಮಾತೇ ಹೊರಡೂದಿಲ್ಲ."

ಎರಡು ತಿಂಗಳು, ವಾರಕ್ಕೆರಡು ದಿನ, ಅವನು ಹೇಳಿದ ಒಂದೊಂದು ವಾಕ್ಯಕ್ಕೂ ನಾನು ಹತ್ತರವರೆಗೆ ಎಣಿಸಿ ಬೇಡ ಎಂದಿದ್ದೆ. ಕೊನೆಯ ಆ ಒಂದು ವಾಕ್ಯಕ್ಕೂ. ಕಳೆದ ವರ್ಷ ಸೆಮಿನಾರಿನಲ್ಲಿ ಎಲ್ಲರೂ ಮರ್ಯಾದೆಯಿಂದ ಬಾಯಿ ಮುಚ್ಚಿ ಕೂತಿದ್ದರು. ಇವತ್ತೂ ಹಾಗೇ ಕೂರುತ್ತಾರೆ. ಅವನಿಗೆ ಹೇಳಬೇಕು ಎಂದು ಎದ್ದು ಸಭಾಂಗಣ, ಡಿಪಾರ್ಟ್‌ಮೆಂಟು, ಊಟದ ಪೆಂಡಾಲು ಎಲ್ಲ ಹುಡುಕಿದೆ. ಸಿಗಲಿಲ್ಲ.

ಎರಡೂವರೆಗೆ ಅವನ ಗೋಷ್ಠಿ. ಶ್ರೀಧರ ಸರ್ ಅಧ್ಯಕ್ಷರು. ನನ್ನ ಕೈಗೆ ಪ್ರಶ್ನೋತ್ತರದ ಕಾರ್ಡ್‌ಲೆಸ್ ಮೈಕು ಕೊಟ್ಟು ಪಕ್ಕದ ಗೋಡೆಗೆ ನಿಲ್ಲಿಸಿದ್ದರು. ಹೆಸರು ಕರೆದಾಗ ಅವನು ಹಿಂದಿನ ಸಾಲಿನಿಂದ ಎದ್ದು ಬಂದ. ಅಂತೂ ಬಂದನಲ್ಲ ಎಂದುಕೊಂಡೆ.

"ನಮ್ಮ ಮನೆಯಲ್ಲಿ ಹಾಡು ಒಬ್ಬರದಲ್ಲ," ಎಂದ. ನಿಂತ.

ಸಭೆ ಸುಮ್ಮನಿತ್ತು. ಒಂದು, ಎರಡು. ಅವನು ಕಾಗದ ನೋಡಿದ, ನೀರಿನ ಬಾಟಲಿ ನೋಡಿದ. ಮೂರು. ನಡುವಿನ ಸಾಲಿನಲ್ಲಿ ಯಾರದೋ ಮೊಬೈಲು ಮೇಲೆದ್ದಿತು. ನಾಲ್ಕು. ಅವನು ಹಿಂಬಾಗಿಲಿನ ಕಡೆ ನೋಡಿದ. ನಾನು ಬಾಯಿ ತೆರೆದರೆ ಅವನಿಗೆ ನನ್ನ ಪರಿಚಯ ಎಲ್ಲಿಯದು ಎಂದು ಇಡೀ ಸಭೆಗೆ ಗೊತ್ತಾಗುತ್ತದೆ, ಅವನು ಮತ್ತೆಂದೂ ನನ್ನ ಮುಖ ನೋಡದಿರಬಹುದು. ತೆರೆಯದಿದ್ದರೆ ಅವನು ಆ ಬಾಗಿಲಿನಿಂದ ಹೋಗುತ್ತಾನೆ. ಐದು ಎಂದು ಎಣಿಸುವ ಮೊದಲೇ ಮೈಕಿನ ಬಟನ್ ಒತ್ತಿದೆ.

"ಹಾಡು ಒಬ್ಬರದಲ್ಲ," ಎಂದೆ.

ನನ್ನ ಧ್ವನಿ ನಾಲ್ಕೂ ಸ್ಪೀಕರಿನಿಂದ ಬಂತು. ಎಲ್ಲರೂ ತಿರುಗಿ ನೋಡಿದರು. ಪ್ರಶ್ನೆಗಳು ಕೊನೆಯಲ್ಲಿ ಎಂದು ಶ್ರೀಧರ ಸರ್ ಗದರಿದರು. ನಾನು ಮೈಕು ಕೆಳಗಿಳಿಸಲಿಲ್ಲ.

"ಪ್ರಶ್ನೆ ಅಲ್ಲ ಸರ್. ಸಾಲು ಎತ್ಕೊಂಡೆ."

ಮುಂದಿನ ಸಾಲಿನಲ್ಲಿ ಬಂಗಾರಿಯ ಪಕ್ಕ ಕೂತಿದ್ದ ಹೊನ್ನಮ್ಮ ತೊಡೆ ತಟ್ಟಿ "ಹಾಂ" ಎಂದರು. ರವೀಂದ್ರ ನನ್ನನ್ನು ನೋಡಿದ. ಈ ಸಲ ನಾನು ಕಣ್ಣು ತಪ್ಪಿಸಲಿಲ್ಲ, ಅವನೂ ನೋಟಿಸ್ ಬೋರ್ಡ್ ಹುಡುಕಲಿಲ್ಲ. ಅವನ ಭುಜ ನಿಧಾನವಾಗಿ ಇಳಿಯಿತು.

"ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಎತ್ತಿಕೊಂಡರೆ ಮಾತ್ರ ಅದು ಮುಂದೆ ಹೋಗುತ್ತದೆ."

"ಮುಂದೆ ಹೋಗುತ್ತದೆ," ಎಂದೆ.

ಮೂರನೆಯ ವಾಕ್ಯವನ್ನು ಬಂಗಾರಿ ಎತ್ತಿಕೊಂಡರು. ಎರಡನೆಯ ಪುಟಕ್ಕೆ ಬರುವಷ್ಟರಲ್ಲಿ ಸುಜಯನೂ ಸೇರಿ ಅರ್ಧ ಸಭೆ ಎತ್ತಿಕೊಳ್ಳುತ್ತಿತ್ತು. ಹಾಡಿನ ಕ್ರಮದಲ್ಲೇ ಪ್ರಬಂಧ ಮಂಡಿಸಿದ್ದಾರೆ, ಬಹಳ ಹೊಸತು ಎಂದು ಹೊರಗಿನಿಂದ ಬಂದ ಪ್ರೊಫೆಸರೊಬ್ಬರು ಹೊಗಳಿದರು. ಶ್ರೀಧರ ಸರ್ ತಮಗೆ ಮೊದಲೇ ಗೊತ್ತಿದ್ದವರಂತೆ ತಲೆ ತೂಗಿದರು. ಎಲ್ಲಿ ಪ್ರಾಕ್ಟೀಸ್ ಮಾಡಿದಿರಿ ಎಂದು ಯಾರೋ ಕೇಳಿದರು. ನಾನು ಉಗುರು ಕಚ್ಚಿದೆ.

"ಲೈಬ್ರರಿ ಪಕ್ಕದ ಸ್ವಾಸ್ಥ್ಯ ಕೇಂದ್ರದಲ್ಲಿ," ಎಂದು ರವೀಂದ್ರ ಮೈಕಿನಲ್ಲೇ ಹೇಳಿದ.

ಐದು ಗಂಟೆಗೆ ಗುಡ್ಡದ ಕೆಳಗಿನ ಬಸ್‌ಸ್ಟಾಪಿನಲ್ಲಿ ಹೊನ್ನಮ್ಮ, ಬಂಗಾರಿ ಕಲ್ಲುಬೆಂಚಿನ ಮೇಲೆ ಕೂತು ಎಲೆಯಡಿಕೆ ಹಾಕುತ್ತಿದ್ದರು. ಸ್ವಲ್ಪ ಆಚೆ ಅವನು ನಿಂತಿದ್ದ. ನಾನು ಹೋಗಿ ಪಕ್ಕ ನಿಂತೆ. ಹೊರಗೆ, ಎಲ್ಲರ ಎದುರು, ಮೊದಲ ಸಲ.

"ನಂಗೆ ಎಣಿಸೂಕೆ ಕಲಿಸಿದ್ರು," ಎಂದೆ.

"ಎಂತ ಎಣಿಸೂಕೆ?"

"ನೀನು ಮಾತು ನಿಲ್ಸಿದ್ರೆ ಹತ್ತರವರೆಗೆ. ನಡುವೆ ಬಾಯಿ ಹಾಕೂಕಿಲ್ಲ ಅಂತ."

‘ನೀವು’ ಎಲ್ಲಿ ಬಿದ್ದುಹೋಯಿತೋ ಇಬ್ಬರಿಗೂ ಗೊತ್ತಾಗಲಿಲ್ಲ.

"ಅವತ್ತು ನಾನು ಎಷ್ಟಕ್ಕೆ ಎದ್ದೆ?"

"ಒಂಬತ್ತಕ್ಕೆ."

ಅವನು ನಕ್ಕ. ಗುಳಿ ಬಿತ್ತು, ಕಣ್ಣು ತುಂಬಿತು. ಹೇಳಬೇಕಾದ ಸಾಲನ್ನು ಅವನು ಆಗಲೇ ಹೇಳಿ ನಿಂತಿದ್ದ, ಹತ್ತು ದಿನದಿಂದ ಅದು ಅಲ್ಲೇ ಇತ್ತು. ತಿರುವಿನಲ್ಲಿ ಯಾಣದ ಕಡೆಯ ಬಸ್ಸು ಕಂಡಿತು. ನಾನು ಅವನ ಮಾತನ್ನೇ ಎತ್ತಿಕೊಂಡೆ, ಹೆಸರೊಂದು ಮಾತ್ರ ಬೇರೆ.

"ನಾನು ಇಲ್ಲಿಗೆ ಬರೂದು ಈಗ ಪೇಪರಿಗಲ್ಲ ಅನ್ನಿಸ್ತದೆ, ರವೀಂದ್ರ."

ಬೆಂಚಿನ ಮೇಲೆ ಹೊನ್ನಮ್ಮ ಎಲೆಗೆ ಸುಣ್ಣ ಹಚ್ಚುತ್ತ, ನಮ್ಮ ಕಡೆ ತಿರುಗದೆಯೇ ಹೇಳಿದರು:

"ಎತ್ಕಂಡಳಲ್ಲ. ಮುಂದಿನದು ಹೇಳು ಮಗಾ, ಬಸ್ಸು ಬಂತು."

ಅವನು ಹೇಳಿದ. ನಾನು ಒಂದು ಎಂದೂ ಎಣಿಸಲಿಲ್ಲ.